ಟಿಕೆಟು ಮುಗಿದ ಹಬ್ಬ: ಕಾಣದ ಸಾಲಿನ ಗಣಿತ

ಹನ್ನೆರಡು ಸಾವಿರ ಜನ ಒಂದು ಸಾಲಿನಲ್ಲಿ ನಿಂತಿದ್ದಾರೆ. ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಗುವುದಿಲ್ಲ. ಮುಂದಿರುವವರ ಬೆನ್ನು ಹಿಂದಿರುವವರಿಗೆ ಕಾಣುವುದಿಲ್ಲ. ನೂಕುನುಗ್ಗಲಿಲ್ಲ, ಗದ್ದಲವಿಲ್ಲ, ಪೊಲೀಸರ ಲಾಠಿಯೂ ಇಲ್ಲ. ಪ್ರತಿಯೊಬ್ಬರೂ ತಂತಮ್ಮ ಮನೆಯಲ್ಲಿ ಗಣಕಯಂತ್ರದ ತೆರೆಯ ಮುಂದೆ ಕುಳಿತು, ಅದರ ಮೇಲೆ ಮೆಲ್ಲನೆ ತೆವಳುವ ಗೆರೆಯೊಂದನ್ನೇ ದಿಟ್ಟಿಸುತ್ತಿದ್ದಾರೆ. ಗಂಟೆಗಳು ಕಳೆಯುತ್ತವೆ. ಕೊನೆಗೆ ‘ಟಿಕೆಟುಗಳೆಲ್ಲ ಮಾರಾಟವಾಗಿವೆ’ ಎಂಬ ಒಂದು ವಾಕ್ಯ ತೆರೆಯ ಮೇಲೆ ಮೂಡುತ್ತದೆ. ಹಬ್ಬದ ವೇಷವನ್ನು ಆಗಲೇ ಹೊಲಿಸಿಟ್ಟುಕೊಂಡಿರುವ ಮಗುವಿಗೆ ಈ ವಾಕ್ಯವನ್ನು ಹೇಗೆ ವಿವರಿಸುವುದು?

ಹನ್ನೆರಡು ಸಾವಿರವೆಂಬ ಸಂಖ್ಯೆಯನ್ನು ನಾವು ಊಹಿಸಿಕೊಂಡೆವು. ಸಾಲು ಮಾತ್ರ ನಿಜವಾದುದು. ಅಮೆರಿಕದ ಡಿಸ್ನಿ ವಿಹಾರೋದ್ಯಾನಗಳಲ್ಲಿ ನಡೆಯುವ ಹ್ಯಾಲೊವೀನ್ ಹಬ್ಬದ ಟಿಕೆಟಿಗಾಗಿ ಇಂಥ ಸಾಲುಗಳು ಬೆಳೆಯುತ್ತವೆ. ಈ ಸಾಲಿನ ಹಿಂದೆ ಒಂದು ಶಾಸ್ತ್ರವೇ ಅಡಗಿದೆ. ಅದನ್ನು ಅರಿತವನಿಗೆ ಟಿಕೆಟು ಸಿಕ್ಕೇ ಸಿಗುತ್ತದೆಂದು ನಾವು ಭರವಸೆ ಕೊಡಲಾರೆವು. ಆದರೆ ಏಕೆ ಸಿಗಲಿಲ್ಲವೆಂಬುದು ಅವನಿಗೆ ತಿಳಿಯುತ್ತದೆ. ಮೋಸ ಹೋಗುವುದಂತೂ ತಪ್ಪುತ್ತದೆ.

ಹಬ್ಬದ ಹಿನ್ನೆಲೆ

ಹ್ಯಾಲೊವೀನ್ ಅಕ್ಟೋಬರ್ 31ರ ರಾತ್ರಿಯ ಹಬ್ಬ. ಕ್ರೈಸ್ತರ ‘ಸಕಲ ಸಂತರ ದಿನ’ದ ಹಿಂದಿನ ರಾತ್ರಿ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಿಂದ ವಲಸೆ ಹೋದ ಜನ ಇದನ್ನು ಅಮೆರಿಕಕ್ಕೆ ಕೊಂಡೊಯ್ದರು. ಮಕ್ಕಳು ಭೂತಗಳ, ಮಾಟಗಾತಿಯರ ವೇಷ ಧರಿಸಿ ಮನೆಮನೆಗೂ ಹೋಗಿ ಮಿಠಾಯಿ ಬೇಡುವುದು, ಕುಂಬಳಕಾಯಿಯನ್ನು ಮುಖದಂತೆ ಕೊರೆದು ಒಳಗೆ ದೀಪವಿಡುವುದು ಅಲ್ಲಿಯ ವಾಡಿಕೆ.

ಫ್ಲಾರಿಡ ಸಂಸ್ಥಾನದ ಆರ್ಲ್ಯಾಂಡೊ ನಗರದ ಸಮೀಪದಲ್ಲಿ 1971ರಲ್ಲಿ ತೆರೆದ ‘ಮ್ಯಾಜಿಕ್ ಕಿಂಗ್‌ಡಮ್’ ಎಂಬ ಉದ್ಯಾನವಿದೆ. 1995ರಲ್ಲಿ ಅಲ್ಲಿ ‘ಮಿಕೀಸ್ ನಾಟ್-ಸೋ-ಸ್ಕೇರಿ ಹ್ಯಾಲೊವೀನ್ ಪಾರ್ಟಿ’ ಎಂಬ ಉತ್ಸವ ಮೊದಲಾಯಿತು. ಮಕ್ಕಳನ್ನು ಅತಿಯಾಗಿ ಹೆದರಿಸದ ಹಬ್ಬವೆಂಬುದೇ ಹೆಸರಿನ ಭಾವ. ಆ ವರ್ಷ ಒಂದೇ ಒಂದು ರಾತ್ರಿ ನಡೆದ ಉತ್ಸವ ಇತ್ತೀಚಿನ ವರ್ಷಗಳಲ್ಲಿ ಆಗಸ್ಟ್ ತಿಂಗಳಲ್ಲೇ ಆರಂಭವಾಗಿ, ಮೂವತ್ತಕ್ಕೂ ಹೆಚ್ಚು ರಾತ್ರಿಗಳಿಗೆ ಹಬ್ಬಿದೆ. ಕ್ಯಾಲಿಫೋರ್ನಿಯದ ಡಿಸ್ನಿ ಉದ್ಯಾನದಲ್ಲಿ 2019ರಿಂದ ‘ಊಗಿ ಬೂಗಿ ಬ್ಯಾಶ್’ ಎಂಬ ಇನ್ನೊಂದು ಉತ್ಸವ ನಡೆಯುತ್ತಿದೆ. 2020ರಲ್ಲಿ ಕೋವಿಡ್ ಪಿಡುಗಿನ ಕಾರಣ ಎರಡೂ ನಡೆಯಲಿಲ್ಲ.

ಹಗಲಿನ ಪ್ರವೇಶದ ಟಿಕೆಟು ಈ ಉತ್ಸವಕ್ಕೆ ಸಲ್ಲುವುದಿಲ್ಲ. ಇದಕ್ಕೆ ಬೇರೆಯೇ ಟಿಕೆಟು ಬೇಕು. ಸಾಮಾನ್ಯ ದಿನಗಳಲ್ಲಿ ಹದಿನಾಲ್ಕು ವರ್ಷ ತುಂಬಿದವರು ಅಲ್ಲಿ ವೇಷ ಧರಿಸುವಂತಿಲ್ಲ. ಉತ್ಸವದ ರಾತ್ರಿ ತಂದೆತಾಯಿಗಳೂ ಅಜ್ಜಅಜ್ಜಿಯರೂ ಮಕ್ಕಳೊಡನೆ ವೇಷ ತೊಡಬಹುದು. ಮಿಠಾಯಿಯನ್ನು ಕೈತುಂಬ ಹಂಚುತ್ತಾರೆ. ಫ್ಲಾರಿಡದಲ್ಲಿ ಮೆರವಣಿಗೆಗೆ ಮುನ್ನ ರುಂಡವಿಲ್ಲದ ಸವಾರನೊಬ್ಬ ಕುದುರೆಯೇರಿ ಕತ್ತಲಲ್ಲಿ ಧಾವಿಸಿ ಹೋಗುತ್ತಾನೆ. ಇಷ್ಟೆಲ್ಲ ಇರುವಾಗ ಜನ ಮುಗಿಬೀಳುವುದು ಸಹಜವೇ ಸರಿ.

ಮಿತಿ ಏಕೆ?

‘ಉದ್ಯಾನ ಅಷ್ಟು ವಿಶಾಲವಾಗಿದೆಯಲ್ಲ, ಇನ್ನಷ್ಟು ಟಿಕೆಟು ಮಾರಿದರೆ ಏನು ನಷ್ಟ?’ ಎಂದು ಯಾರಿಗಾದರೂ ತೋರಬಹುದು. ಇದಕ್ಕೆ ಉತ್ತರವನ್ನು ಲೆಕ್ಕವೇ ಕೊಡುತ್ತದೆ. ಉತ್ಸವದ ಅವಧಿ ಐದು ಗಂಟೆ. ಉದ್ಯಾನದಲ್ಲಿ ಹತ್ತು ಯಂತ್ರವಿಹಾರಗಳಿವೆಯೆಂದೂ ಪ್ರತಿಯೊಂದೂ ಗಂಟೆಗೆ ಒಂದು ಸಾವಿರ ಜನರನ್ನು ಹೊತ್ತು ಸುತ್ತುತ್ತದೆಯೆಂದೂ ಭಾವಿಸೋಣ. ಐದು ಗಂಟೆಗಳಲ್ಲಿ ಒಟ್ಟು 50,000 ಸವಾರಿಗಳಾದವು. ಒಳಗೆ 10,000 ಜನರಿದ್ದರೆ ತಲೆಗೆ ಐದು ಸವಾರಿ ದೊರೆಯುತ್ತದೆ. 25,000 ಜನರನ್ನು ಬಿಟ್ಟರೆ ಎರಡೇ ಸವಾರಿ. ಟಿಕೆಟು ದೊರೆತವರ ಸಂಖ್ಯೆ ಹೆಚ್ಚಿತು. ಆದರೆ ದೊರೆತ ಟಿಕೆಟಿನ ಬೆಲೆಯೇ ಇಳಿದುಹೋಯಿತು. ಟಿಕೆಟು ‘ಮುಗಿಯುವುದು’ ಗೋಡೆಗಳ ನಡುವೆ ಜಾಗವಿಲ್ಲವೆಂದಲ್ಲ, ಜನರ ಸಂತೋಷಕ್ಕೆ ಒಂದು ಮಿತಿಯನ್ನು ಮೊದಲೇ ಗೊತ್ತುಮಾಡಿರುವುದರಿಂದ.

ಮಿತಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಡಿಸ್ನಿಯವರ ಇತಿಹಾಸದಲ್ಲೇ ನಿದರ್ಶನವಿದೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದ ಅನಹೈಮ್ ಪಟ್ಟಣದಲ್ಲಿ ಮೊದಲ ಡಿಸ್ನಿಲ್ಯಾಂಡ್ ತೆರೆಯಿತು. ಅಂದು ಪ್ರವೇಶ ಆಹ್ವಾನಿತರಿಗೆ ಮಾತ್ರ. ಆದರೆ ಖೋಟಾ ಟಿಕೆಟುಗಳು ಧಾರಾಳವಾಗಿ ಹರಡಿದ್ದವು. ನಿರೀಕ್ಷೆಗಿಂತ ಬಹಳ ಹೆಚ್ಚು, ಸುಮಾರು 28,000 ಜನ ಒಳಗೆ ನುಗ್ಗಿದರು. ಸುಡುಬಿಸಿಲು, ಹೊಸದಾಗಿ ಹಾಸಿದ ಡಾಂಬರಿನಲ್ಲಿ ಸ್ತ್ರೀಯರ ಪಾದರಕ್ಷೆಯ ಹಿಮ್ಮಡಿಗಳು ಹೂತುಹೋದವು, ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ, ತಿನಿಸುಗಳು ತೀರಿಹೋದವು. ಮಿತಿಯ ಅಗತ್ಯವನ್ನು ಆ ಒಂದು ದಿನವೇ ಕಲಿಸಿರಬೇಕು.

ಸಾಲಿನ ಶಾಸ್ತ್ರ

ಕಾಯುವಿಕೆಯನ್ನು ಗಣಿತದ ವಿಷಯವನ್ನಾಗಿ ಮಾಡಿದ ಹಿರಿಮೆ ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬಾತನಿಗೆ ಸಲ್ಲಬೇಕು. ಆತ ಕೋಪನ್‌ಹೇಗನ್ ನಗರದ ದೂರವಾಣಿ ಕಂಪನಿಯಲ್ಲಿ ಕೆಲಸಕ್ಕಿದ್ದ. ಎಷ್ಟು ತಂತಿಗಳನ್ನು ಹಾಕಿದರೆ ಕರೆ ಮಾಡುವವರು ಅತಿಯಾಗಿ ಕಾಯಬೇಕಾಗುವುದಿಲ್ಲವೆಂಬುದು ಅವನ ಮುಂದಿದ್ದ ಪ್ರಶ್ನೆ. 1909ರಲ್ಲಿ ಅವನು ಸಂಭಾವ್ಯತಾ ಶಾಸ್ತ್ರವನ್ನು ದೂರವಾಣಿ ಕರೆಗಳಿಗೆ ಅನ್ವಯಿಸಿ ಲೇಖನವೊಂದನ್ನು ಪ್ರಕಟಿಸಿದ. ಇಂದಿಗೂ ದೂರವಾಣಿ ಸಂಚಾರವನ್ನು ಅಳೆಯುವ ಮಾನಕ್ಕೆ ‘ಎರ್ಲಾಂಗ್’ ಎಂದೇ ಹೆಸರು.

ಈ ಶಾಸ್ತ್ರದ ಒಂದು ಫಲ ಅಚ್ಚರಿ ಹುಟ್ಟಿಸುವಂಥದು. ಕಿಟಕಿಯಲ್ಲಿ ಒಬ್ಬನೇ ಗುಮಾಸ್ತನಿದ್ದಾನೆ. ಗಿರಾಕಿಗಳು ಗೊತ್ತಾದ ಕ್ರಮವಿಲ್ಲದೆ ಬರುತ್ತಾರೆ. ಒಬ್ಬೊಬ್ಬರ ಕೆಲಸಕ್ಕೆ ಹಿಡಿಯುವ ಕಾಲವೂ ಹಾಗೆಯೇ ಬದಲಾಗುತ್ತದೆ ಎಂದಿಟ್ಟುಕೊಳ್ಳಿ. ಗುಮಾಸ್ತನ ಶಕ್ತಿಯಲ್ಲಿ ಅರ್ಧದಷ್ಟು ಕೆಲಸ ಬರುತ್ತಿದ್ದರೆ ಕಿಟಕಿಯ ಬಳಿ ಸರಾಸರಿ ಒಬ್ಬ ಮನುಷ್ಯನಿರುತ್ತಾನೆ. ನೂರಕ್ಕೆ ತೊಂಬತ್ತರಷ್ಟು ಬಂದರೆ ಒಂಬತ್ತು ಮಂದಿ. ನೂರಕ್ಕೆ ತೊಂಬತ್ತೊಂಬತ್ತರಷ್ಟು ಬಂದರೆ ತೊಂಬತ್ತೊಂಬತ್ತು ಮಂದಿ! ಕೆಲಸ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಸಾಲು ನೂರ್ಮಡಿಯಾಯಿತು. ಟಿಕೆಟು ಮಾರಾಟದ ಮೊದಲ ಗಂಟೆಯಲ್ಲಿ ಗಣಕಯಂತ್ರದ ಶಕ್ತಿಯನ್ನೂ ಮೀರಿ ಜನ ಬರುತ್ತಾರೆ. ಆಗ ಸಾಲಿನ ಬೆಳವಣಿಗೆಗೆ ಕೊನೆಯೇ ಇರುವುದಿಲ್ಲ. ಯಂತ್ರ ಸ್ತಬ್ಧವಾಗುವುದೂ ಉಂಟು.

ಆದುದರಿಂದಲೇ ಈಗ ಅಂತರಜಾಲದ ಅಂಗಡಿಗಳು ಬಾಗಿಲ ಹೊರಗೆ ಒಂದು ‘ಕಾಯುವ ಕೊಠಡಿ’ಯನ್ನು ಕಟ್ಟಿವೆ. ಯಂತ್ರ ತಾಳಬಲ್ಲಷ್ಟು ಜನರನ್ನು ಮಾತ್ರ ಕ್ರಮವಾಗಿ ಒಳಗೆ ಬಿಡುತ್ತಾರೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ನಿಯಮವೊಂದು ಇಲ್ಲಿ ಉಪಯುಕ್ತವಾಗಿದೆ: ಕಾಯುತ್ತಿರುವವರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಬಂದು ಸೇರುವವರ ಸಂಖ್ಯೆಯನ್ನು ಒಬ್ಬೊಬ್ಬರು ಕಾಯುವ ಸರಾಸರಿ ನಿಮಿಷಗಳಿಂದ ಗುಣಿಸಿದಷ್ಟು. ಇದೇ ಜಾಡಿನಲ್ಲಿ ನಮ್ಮ ಸಾಲನ್ನು ಅಳೆಯಬಹುದು. ನಮ್ಮ ಮುಂದೆ 12,000 ಜನರಿದ್ದು, ನಿಮಿಷಕ್ಕೆ 100 ಜನ ಒಳಗೆ ಹೋಗುತ್ತಿದ್ದರೆ ನಾವು 120 ನಿಮಿಷ ಕಾಯಬೇಕು. ಗೆರೆ ನಿಧಾನವಾಗಿ ತೆವಳಿದ ಮಾತ್ರಕ್ಕೆ ಯಂತ್ರ ಕೆಟ್ಟಿದೆಯೆಂದು ತಿಳಿಯಬಾರದು.

ಇಂಥ ಕೊಠಡಿಗಳಲ್ಲಿ ಬಹಳ ಕಡೆ ಇನ್ನೊಂದು ಪದ್ಧತಿಯಿದೆ. ಮಾರಾಟದ ಗಳಿಗೆಗೆ ಮುಂಚೆ ಬಂದು ಸೇರಿದವರಿಗೆಲ್ಲ, ಗಳಿಗೆ ಬಂದೊಡನೆ, ಚೀಟಿಯೆತ್ತಿದಂತೆ ಸರದಿಯ ಅಂಕೆಗಳನ್ನು ಹಂಚುತ್ತಾರೆ. ಅಂಥಲ್ಲಿ ಬೆಳಗಿನ ಜಾವವೇ ಎದ್ದು ಬಂದವನಿಗೂ ಐದು ನಿಮಿಷ ಮೊದಲು ಬಂದವನಿಗೂ ಭೇದವಿಲ್ಲ. ಗಳಿಗೆ ಕಳೆದ ಮೇಲೆ ಬಂದವನು ಮಾತ್ರ ಬಾಲಕ್ಕೆ ಸೇರುತ್ತಾನೆ. ಸಹನೆಗೆಟ್ಟು ಪುಟವನ್ನು ಮತ್ತೆ ಮತ್ತೆ ತೆರೆಯುವುದರಿಂದ ಲಾಭವಿಲ್ಲ. ದೊರೆತ ಸ್ಥಾನವೂ ತಪ್ಪಿಹೋಗಬಹುದು.

ನಾಲ್ಕು ಯಂತ್ರಗಳ ಉಪಾಯ

ಚೀಟಿಯೆತ್ತುವುದಾದರೆ ಮನೆಯ ನಾಲ್ವರೂ ನಾಲ್ಕು ಯಂತ್ರಗಳಿಂದ ಸಾಲಿನಲ್ಲಿ ನಿಂತರಾಗದೇ? ಲೆಕ್ಕ ಹಾಕೋಣ. 10,000 ಕುಟುಂಬಗಳು ಬಯಸುವ ಹಬ್ಬದಲ್ಲಿ 2,000 ಕುಟುಂಬಗಳಿಗೆ ಸಾಕಾಗುವಷ್ಟು ಟಿಕೆಟುಗಳಿವೆ. ಒಂದು ಚೀಟಿಗೆ ಗೆಲುವಿನ ಸಂಭವ ಐದರಲ್ಲಿ ಒಂದು, ಸೋಲಿನ ಸಂಭವ ಐದರಲ್ಲಿ ನಾಲ್ಕು. ನಾಲ್ಕು ಚೀಟಿಗಳೂ ಸೋಲುವ ಸಂಭವ 0.8ನ್ನು ನಾಲ್ಕು ಬಾರಿ ಇಟ್ಟು ಗುಣಿಸಿದಷ್ಟು, ಅಂದರೆ ಸುಮಾರು 0.41. ಹಾಗಾದರೆ ಒಂದಾದರೂ ಗೆಲ್ಲುವ ಸಂಭವ ನೂರಕ್ಕೆ 59! ಉಪಾಯ ಚೆನ್ನಾಗಿದೆಯೆಂದು ನಾವು ಹಿಗ್ಗಬಹುದು.

ಆದರೆ ಈ ಉಪಾಯ ನಮಗೊಬ್ಬರಿಗೇ ಹೊಳೆಯುವುದೇ? ಹತ್ತು ಸಾವಿರ ಕುಟುಂಬಗಳೂ ಹೀಗೆಯೇ ಮಾಡಿದರೆ ಸಾಲಿನಲ್ಲಿ 40,000 ಚೀಟಿಗಳಾಗುತ್ತವೆ. ಕೊನೆಗೆ ಟಿಕೆಟು ಪಡೆಯುವವು ಅದೇ 2,000 ಕುಟುಂಬಗಳು. ಪ್ರತಿ ಕುಟುಂಬದ ಸಂಭವ ಮತ್ತೆ ಐದರಲ್ಲಿ ಒಂದಕ್ಕೇ ಬಂದು ನಿಲ್ಲುತ್ತದೆ. ಯಂತ್ರದ ಮೇಲಿನ ಹೊರೆ ಮಾತ್ರ ನಾಲ್ಮಡಿಯಾಗುತ್ತದೆ. ಬಯಲಾಟದಲ್ಲಿ ಮುಂದಿನವರು ಎದ್ದು ನಿಂತರೆ ಹಿಂದಿನವರೂ ಏಳಬೇಕಾಗುತ್ತದೆ. ಬೆಳಗಾಗುವವರೆಗೆ ಎಲ್ಲರ ಕಾಲೂ ನೋಯುತ್ತದೆ. ಯಾರಿಗೂ ವೇಷ ಹೆಚ್ಚು ಚೆನ್ನಾಗಿ ಕಾಣುವುದಿಲ್ಲ. ಮನೆಯಲ್ಲಿ ಒಂದೇ ಯಂತ್ರವಿರುವವನ ಗತಿ ಎಲ್ಲರಿಗಿಂತ ಕಷ್ಟ: ಅವನ ಸಂಭವ ಮೊದಲಿಗಿಂತಲೂ ಇಳಿದುಹೋಗುತ್ತದೆ.

ಈ ಉಪಾಯವನ್ನು ನಾಲ್ಕರಿಂದ ಸಾವಿರಕ್ಕೆ ಏರಿಸಿದವರೇ ಟಿಕೆಟು ದಲ್ಲಾಳಿಗಳು. ನಮ್ಮ ಚಿತ್ರಮಂದಿರಗಳ ಮುಂದೆ ‘ಹೌಸ್ ಫುಲ್’ ಫಲಕದ ಅಡಿಯಲ್ಲೇ ಕಾಳಸಂತೆಯ ಟಿಕೆಟು ಮಾರುತ್ತಿದ್ದವನ ವಂಶಸ್ಥರು ಇವರು. ಮಾನವನ ಬೆರಳು ಒಂದು ಗುಂಡಿಯನ್ನು ಒತ್ತುವಷ್ಟರಲ್ಲಿ ಇವರ ಗಣಕಕ್ರಮಗಳು ನೂರಾರು ಬೇಡಿಕೆಗಳನ್ನು ಕಳುಹಿಸಬಲ್ಲವು. ಸಾರ್ವಜನಿಕ ಪ್ರದರ್ಶನಗಳ ಟಿಕೆಟುಗಳನ್ನು ಹೀಗೆ ದೋಚುವುದನ್ನು ತಡೆಯಲು ಅಮೆರಿಕದಲ್ಲಿ 2016ರಲ್ಲಿ ಕಾನೂನೊಂದು ಜಾರಿಗೆ ಬಂತು. 2021ರಲ್ಲಿ ಅದರ ಅಡಿಯಲ್ಲಿ ಮೊದಲ ಬಾರಿಗೆ ಮೂರು ದಲ್ಲಾಳಿ ಸಂಸ್ಥೆಗಳ ಮೇಲೆ ಕ್ರಮ ಕೈಗೊಳ್ಳಲಾಯಿತು.

ಬೆಲೆಯೋ, ಸರದಿಯೋ, ಚೀಟಿಯೋ?

ಬಯಸುವವರು ಹೆಚ್ಚಾಗಿ ವಸ್ತು ಕಡಿಮೆಯಿದ್ದಾಗ ಹಂಚಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಬೆಲೆಯನ್ನು ಏರಿಸಿದರೆ ಸಾಲು ಕರಗುತ್ತದೆ; ಆದರೆ ಹಬ್ಬ ಧನಿಕರ ಪಾಲಾಗುತ್ತದೆ. ಸರದಿಯನ್ನು ಅನುಸರಿಸಿದರೆ, ಬಿಡುವಿದ್ದು ಕಾಯಬಲ್ಲವನು ಗೆಲ್ಲುತ್ತಾನೆ. ಕೆಲಸಕ್ಕೆ ಹೋಗಬೇಕಾದವನು ಸೋಲುತ್ತಾನೆ. ಚೀಟಿಯೆತ್ತಿದರೆ ಎಲ್ಲರಿಗೂ ಸಮಾನ ಅವಕಾಶ. ಆದರೆ ತೀವ್ರವಾಗಿ ಬಯಸಿದವನಿಗೂ ಸುಮ್ಮನೆ ಬಂದವನಿಗೂ ಅಂತರವಿರುವುದಿಲ್ಲ. ದೋಷವಿಲ್ಲದ ಮಾರ್ಗ ಒಂದೂ ಇಲ್ಲ. ಆದುದರಿಂದ ವ್ಯವಹಾರದಲ್ಲಿ ಇವುಗಳ ಮಿಶ್ರಣವನ್ನೇ ಕಾಣುತ್ತೇವೆ. 2024ರಲ್ಲಿ ಫ್ಲಾರಿಡದ ಉತ್ಸವದ ಟಿಕೆಟು ರಾತ್ರಿಯನ್ನು ಅವಲಂಬಿಸಿ 119 ಡಾಲರುಗಳಿಂದ 199 ಡಾಲರುಗಳವರೆಗೆ ಇತ್ತು. ಆಗಸ್ಟಿನ ಆರಂಭದ ರಾತ್ರಿಗಳು ಅಗ್ಗ. ಅಕ್ಟೋಬರ್ 31 ಎಲ್ಲಕ್ಕಿಂತ ದುಬಾರಿ. ಜನರನ್ನು ಒಂದೇ ರಾತ್ರಿಯಿಂದ ಹಲವು ರಾತ್ರಿಗಳಿಗೆ ಚದುರಿಸುವುದೇ ಇದರ ಗುಟ್ಟು.

ಟಿಕೆಟು ಬಯಸುವವನು ಇದರಿಂದ ಕಲಿಯಬಹುದಾದ ಪಾಠಗಳು ಕೆಲವಿವೆ. ಮೊದಲನೆಯದಾಗಿ, ಒಂದೇ ರಾತ್ರಿಗೆ ಅಂಟಿಕೊಳ್ಳದೆ ಮೂರು ನಾಲ್ಕು ರಾತ್ರಿಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು. ವಾರದ ನಡುವಿನ ರಾತ್ರಿಗಳನ್ನೂ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳನ್ನೂ ಮರೆಯಬಾರದು. ಎರಡನೆಯದಾಗಿ, ಮಾರಾಟದ ಗಳಿಗೆಗೆ ತುಸು ಮುಂಚೆಯೇ ಹಾಜರಿದ್ದು, ಹೆಸರು ವಿಳಾಸಗಳನ್ನೂ ಹಣದ ವ್ಯವಸ್ಥೆಯನ್ನೂ ಸಿದ್ಧಪಡಿಸಿಟ್ಟುಕೊಂಡಿರಬೇಕು. ಮೂರನೆಯದಾಗಿ, ‘ಮುಗಿಯಿತು’ ಎಂದ ಮೇಲೂ ಅಧಿಕೃತ ಪುಟವನ್ನು ಆಗಾಗ ನೋಡುತ್ತಿರಬೇಕು. ಅಂತರಜಾಲದ ಮಾರಾಟದಲ್ಲಿ ಆಯ್ದ ಟಿಕೆಟನ್ನು ಕೆಲವು ನಿಮಿಷಗಳ ಮಟ್ಟಿಗೆ ಕಾದಿರಿಸುವುದು ಸಾಮಾನ್ಯ. ಅಷ್ಟರೊಳಗೆ ಹಣ ಸಲ್ಲದಿದ್ದರೆ ಅದು ಮತ್ತೆ ಮಾರಾಟಕ್ಕೆ ಬರುತ್ತದೆ. ಕೊನೆಯದಾಗಿ, ಅಪರಿಚಿತರಿಂದ ಟಿಕೆಟು ಕೊಳ್ಳಲೇಬಾರದು. ಈ ಉತ್ಸವದ ಟಿಕೆಟನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲವೆಂದು ನಿಯಮವೇ ಇದೆ. ಒಂದೇ ಟಿಕೆಟಿನ ಚಿತ್ರವನ್ನು ಹತ್ತು ಜನರಿಗೆ ಮಾರುವುದು ಮೋಸಗಾರನಿಗೆ ಕಷ್ಟವಲ್ಲ. ಬಾಗಿಲಿನ ಯಂತ್ರ ಮೊದಲು ಬಂದವನನ್ನು ಮಾತ್ರ ಒಳಗೆ ಬಿಡುತ್ತದೆ. ಮನೆಯಲ್ಲಿ ನಿರಾಶೆಗೊಂಡ ಮಗುವನ್ನು ಸಂತೈಸಬಹುದು. ವೇಷ ತೊಟ್ಟು, ದೂರ ಪ್ರಯಾಣ ಮಾಡಿ, ದೀಪಗಳು ಕಾಣುವಷ್ಟು ಹತ್ತಿರ ಬಂದು, ಬಾಗಿಲಿನಿಂದ ಹಿಂದಿರುಗುವ ಮಗುವಿಗೆ ಏನು ಹೇಳೋಣ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ‘ಮುಗಿಯಿತು’ ಎಂಬ ಮಾತನ್ನು ಮಗುವಿಗೆ ಹೇಗೆ ವಿವರಿಸುವುದು? ಐದು ಸವಾರಿಗಳ ಲೆಕ್ಕವನ್ನು ಹೇಳಿಕೊಡಬಹುದು. ನೀನು ಹೊರಗುಳಿದದ್ದು ನಿನ್ನ ತಪ್ಪಿನಿಂದಲ್ಲ; ಒಳಗೆ ಹೋದವರಿಗೆ ಕುದುರೆ ಸವಾರನ ಓಟ ಕಾಣುವಷ್ಟು ಜಾಗ ಉಳಿಯಲೆಂದು ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಾಯಿತು; ಈ ಬಾರಿ ಆ ಗೆರೆ ನಮ್ಮ ಮುಂದೆ ಬಿತ್ತು ಎನ್ನಬಹುದು. ಮುಂದಿನ ವರ್ಷ ಮತ್ತೆ ಚೀಟಿಗಳು ಹಂಚಲ್ಪಡುತ್ತವೆ. ಚೀಟಿಯನ್ನು ಎತ್ತುವ ಕೈ ಪ್ರಾಮಾಣಿಕವಾಗಿರುವವರೆಗೆ, ಕಳೆದ ಸಲ ಸೋತವನ ಸಂಭವ ಗೆದ್ದವನ ಸಂಭವಕ್ಕಿಂತ ಕೂದಲೆಳೆಯಷ್ಟೂ ಕಡಿಮೆಯಲ್ಲ. ಅಲ್ಲಿಯವರೆಗೆ ಹೊಲಿಸಿಟ್ಟ ವೇಷ ಪೆಟ್ಟಿಗೆಯಲ್ಲಿರಲಿ. ಮಗು ಬೆಳೆಯುತ್ತದೆಂಬುದನ್ನು ನೆನೆದು ಅಂಚನ್ನು ತುಸು ಹೆಚ್ಚಾಗಿ ಮಡಿಸಿಟ್ಟರೆ ಸಾಕು.