ಪಕ್ಕದ ತೇಗ ಬೋಳು, ಇದೇಕೆ ಹಸಿರು?

ಮಳೆಗಾಲಕ್ಕೆ ಮುಂಚಿನ ಒಂದೆರಡು ಮಳೆಗೆ ತೇಗ ಚಿಗುರಿತು ಅನ್ನುವಾಗಲೇ ಹುಳ ಹಾಜರು. ಕೆಲವೇ ದಿನದಲ್ಲಿ ಮರ ಬೋಳು. ಅಡಿಯಲ್ಲಿ ನಿಂತರೆ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯ ಹಾಗೆ ಕೇಳುತ್ತದೆ.

ಆಗ ಸಾಲಿಡೀ ಒಮ್ಮೆ ನಡೆದು ನೋಡಿ. ಎಲ್ಲ ಮರವೂ ಒಂದೇ ರೀತಿ ಬೋಳಾಗಿರುವುದಿಲ್ಲ. ನನ್ನ ತೋಟದ ಬೇಲಿಸಾಲಿನಲ್ಲೂ ಒಂದೇ ದಿನ ನೆಟ್ಟ ಮರಗಳ ನಡುವೆ ಒಂದೆರಡು ಹಸಿರಾಗಿಯೇ ಉಳಿಯುತ್ತವೆ. ಇದರ ಗುಟ್ಟು ಇರುವುದು ಎಲೆಯಲ್ಲಿ.

ಹುಳ ಒಂದಲ್ಲ, ಎರಡು

ಮೊದಲು ಬರುವುದು ಎಲೆ ತಿನ್ನುವ ಹುಳ, ಹೈಬ್ಲಿಯಾ ಪ್ಯೂರಾ. ಇದು ನಡುನರ ಬಿಟ್ಟು ಎಲೆಯನ್ನೆಲ್ಲ ಮುಗಿಸುತ್ತದೆ. ಮಳೆಗಾಲ ಕಳೆಯುತ್ತಾ ಬರುವುದು ಯುಟೆಕ್ಟೋನಾ. ಇದು ಹಸಿರನ್ನಷ್ಟೇ ಕೆರೆದು ತಿಂದು ನರಗಳ ಬಲೆ ಉಳಿಸುತ್ತದೆ. ನೋಡಲು ಎರಡೂ ಭಯಂಕರ. ಆದರೆ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಿಲಂಬೂರಿನ ಎಳೆಯ ತೇಗದ ತೋಟದಲ್ಲಿ ಐದು ವರ್ಷ ಅಳೆದು ನೋಡಿತು. 1985ರಲ್ಲಿ ಹೊರಬಂದ ಲೆಕ್ಕದ ಪ್ರಕಾರ ಮೊದಲ ಹುಳದಿಂದ ಮರದ ಬೆಳವಣಿಗೆಯಲ್ಲಿ ಶೇಕಡಾ 44 ನಷ್ಟ. ಎರಡನೆಯದರಿಂದ ಹೇಳಿಕೊಳ್ಳುವ ನಷ್ಟವಿಲ್ಲ. ಅದು ಬರುವಾಗ ಮರದ ಆ ವರ್ಷದ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಹಾಗಾಗಿ ನಾವು ತಲೆ ಕೆಡಿಸಿಕೊಳ್ಳಬೇಕಾದ್ದು ಮೊದಲನೆಯದಕ್ಕೆ.

ಎಲೆಯ ಪ್ರಾಯವೇ ಮುಖ್ಯ

ಒರಟು ಎಲೆಗೆ ಹುಳ ಬಾರದು ಅಂತ ಹಲವರ ನಂಬಿಕೆ. ತೇಗದ ಎಲೆ ಒರಟೇ, ಆದರೂ ಹುಳ ಬಿಡುವುದಿಲ್ಲವಲ್ಲ! ಪತಂಗ ಮೊಟ್ಟೆಯಿಡುವುದು ಎಳೆ ಎಲೆಗೆ. ಆಗಷ್ಟೇ ಹೊರಬಂದ ಮರಿಹುಳಕ್ಕೂ ಎಳೆಯದೇ ಬೇಕು. ದೊಡ್ಡದಾದ ಹುಳ ಬಲಿತ ಎಲೆಯನ್ನೂ ತಿಂದೀತು, ಆದರೆ ಮರಿ ಬದುಕಿದರೆ ತಾನೇ ದೊಡ್ಡದಾಗುವುದು? ಪತಂಗ ಬರುವ ಹೊತ್ತಿಗೆ ಯಾವ ಮರದ ಎಲೆ ಬಲಿತಿದೆಯೋ ಆ ಮರ ಪಾರು. ನಿಲಂಬೂರಿನಲ್ಲೂ ಬೇಗ ಚಿಗುರುವ ಮರಗಳು ಹೀಗೆ ತಪ್ಪಿಸಿಕೊಳ್ಳುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ನಮ್ಮ ಉತ್ತರ ಕನ್ನಡದ ವಿರ್ನೋಳಿ ಕಾಡಿನಲ್ಲಿ 'ತೇಲಿ' ಅನ್ನುವ ತೇಗ ಉಂಟು. ಇದರ ಎಲೆ ನುಣುಪು, ಒರಟುತನ ಇಲ್ಲ. ಚಿಗುರುವುದು ಮಾತ್ರ ಉಳಿದವಕ್ಕಿಂತ ಬೇಗ. ಒಂದೇ ಜಾತಿಯ ಮರದಲ್ಲಿ ಎಲೆ ಎಷ್ಟು ಬದಲಾಗಬಹುದು ಅನ್ನುವುದಕ್ಕೆ ಇದೇ ಸಾಕ್ಷಿ.

ಇಷ್ಟು ವ್ಯತ್ಯಾಸ ಏಕೆ? ತೇಗದಲ್ಲಿ ಪರಾಗಸ್ಪರ್ಶ ಆಗುವುದು ಕೀಟಗಳಿಂದ, ಹೆಚ್ಚಾಗಿ ಬೇರೆ ಮರದ ಪರಾಗದಿಂದ. ಬೀಜದಿಂದಾದ ಒಂದು ಗಿಡದಂತೆ ಇನ್ನೊಂದಿಲ್ಲ.

ನಾವು ಮಾಡಬಹುದಾದ್ದು

* ಜನವರಿಯಿಂದ ಜೂನ್‌ವರೆಗೆ ಪ್ರತಿ ಮರ ಯಾವಾಗ ಚಿಗುರಿತು, ಹುಳ ಯಾವಾಗ ಬಂತು ಅಂತ ಬರೆದಿಡಿ. ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ. ಪರೀಕ್ಷೆಗೆ ಇದು ಸಾಕು.

* ಒಂದೇ ವರ್ಷ ನೋಡಿ ತೀರ್ಮಾನ ಬೇಡ. ತೋಡಿನ ಬದಿಯ ಮರ ನೀರಿನ ಪಸೆಗೇ ಬೇಗ ಚಿಗುರೀತು. ಅದು ಜಾಗದ ಗುಣ, ಮರದ್ದಲ್ಲ. ಮೂರು-ನಾಲ್ಕು ವರ್ಷ ಪಕ್ಕದ ಮರಗಳೊಂದಿಗೆ ಹೋಲಿಸಿ.

* ಬೇಗ ಚಿಗುರಿದರಷ್ಟೇ ಸಾಲದು, ಕಾಂಡ ನೇರವಾಗಿ ಬೆಳೆದಿರಬೇಕು. ನಾವು ಮಾರುವುದು ಎಲೆಯನ್ನಲ್ಲ.

* ಅದರ ಬೀಜದ ಗಿಡಗಳೆಲ್ಲ ತಾಯಿಯಂತೆಯೇ ಆಗಲಾರವು. ಗುಣ ಹಾಗೇ ಉಳಿಯಬೇಕಿದ್ದರೆ ಕಣ್ಣು ಕಸಿ ಒಂದು ದಾರಿ.

* ಇಡೀ ತೋಟಕ್ಕೆ ಒಂದೇ ಮರದ ಕಸಿ ಬೇಡ. ಹುಳ ಬೇಗ ಬಂದ ವರ್ಷ ಎಲ್ಲವೂ ಒಟ್ಟಿಗೆ ಬೋಳಾದಾವು.

* ತೇಗಕ್ಕೆ ನೀರು, ಗೊಬ್ಬರ ಕೊಡುತ್ತಾ ಹೋದರೆ ಚಿಗುರು ಮುಂದುವರಿಯುತ್ತದೆ. ಹುಳಕ್ಕೂ ಊಟ ಮುಂದುವರಿಯುತ್ತದೆ.

'ಹುಳ ಬಾರದ ತೇಗ' ಅಂತ ಯಾರಾದರೂ ಸಸಿ ಮಾರಲು ಬಂದರೆ ಎರಡೇ ಪ್ರಶ್ನೆ ಕೇಳಿ: ತಾಯಿಮರ ಎಲ್ಲಿದೆ? ಯಾವ ತಿಂಗಳಲ್ಲಿ ಚಿಗುರುತ್ತದೆ? ಉತ್ತರ ಇಲ್ಲವಾದರೆ ದುಡ್ಡು ಕಿಸೆಯಲ್ಲೇ ಇರಲಿ.

ಎತ್ತರದ ಮರಕ್ಕೆ ಮದ್ದು ಹೊಡೆಯುವುದು ನಮ್ಮಂಥವರಿಗೆ ಆಗಿಹೋಗುವ ಮಾತಲ್ಲ. ಮರಕ್ಕೊಂದು ನಂಬರು, ಕೈಯಲ್ಲೊಂದು ಪುಸ್ತಕ ಇದ್ದರೆ ನೋಡುವ ಕೆಲಸ ಎಲ್ಲರಿಗೂ ಸಾಧ್ಯ. ಬೇರೆ ಊರುಗಳಲ್ಲೂ ಇಂಥ ಮರ ಇದ್ದೀತು. ಕಂಡವರು ಬರೆಯಿರಿ.