ಮುಯ್ಯಾಳಿನಿಂದ ಮೊಬೈಲ್ ಹಾಜರಿಯವರೆಗೆ

ಮಂಡ್ಯ ಸೀಮೆಯ ರೈತರಿಗೆ ಮುಯ್ಯಾಳು ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ನಾಲೆಗೆ ನೀರು ಎಂದು ಬರುತ್ತದೆ, ಯಾರ ಸಸಿಮಡಿಯಲ್ಲಿ ಪೈರು ಬಲಿತಿದೆ, ಯಾರ ಗದ್ದೆ ಹದಕ್ಕೆ ಬಂದಿದೆ ಎಂಬುದನ್ನು ನೋಡಿಕೊಂಡು ಸರದಿ ಗೊತ್ತುಮಾಡುತ್ತಿದ್ದರು. ಕಾಗದವಿಲ್ಲ, ಪುಸ್ತಕವಿಲ್ಲ. ಲೆಕ್ಕ ಇಡುವವರೂ ದುಡಿಯುವವರೂ ಒಬ್ಬರೇ ಆಗಿದ್ದುದರಿಂದ ಸುಳ್ಳು ಲೆಕ್ಕಕ್ಕೆ ಅಲ್ಲಿ ಜಾಗವಿರಲಿಲ್ಲ.

ಇಂದು ಕಚೇರಿಗಳಲ್ಲಿ ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸಲಾಗಿದೆ. ಇದಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಎಂದು ಹೆಸರು. ಯಾವ ಕೆಲಸ, ಯಾರ ಪಾಲಿನದು, ಯಾವ ದಿನದೊಳಗೆ ಆಗಬೇಕು, ಎಷ್ಟು ಮುಗಿದಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಇದರ ಸಾರ. ಇಷ್ಟು ಸರಳವಾದ ಉಪಕರಣವನ್ನು ಬಳಸುವವರಲ್ಲಿ ಕೆಲವರು ಹೊಗಳುತ್ತಾರೆ, ಹಲವರು ಶಪಿಸುತ್ತಾರೆ. ಏಕೆ?

ಮೊದಲು ಇದರ ಅಗತ್ಯವೇನು ಎಂಬುದನ್ನು ನೋಡೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರ ಜೂನ್ ತಿಂಗಳಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೆತ್ತಿಕೊಂಡ ಯೋಜನೆ ಅದು. ವಿದ್ಯುತ್ ಸಾಗಬೇಕಾಗಿದ್ದ ದೂರ ಸುಮಾರು 147 ಕಿಲೋಮೀಟರ್. ನದಿಯಿಂದ ಕಾಲುವೆ ತೆಗೆಯಬೇಕು, ನೀರಿನ ಕೊಳವೆ ಇಳಿಸಬೇಕು, ಹೊರದೇಶದ ಯಂತ್ರಗಳು ಬಂದು ಕೂರಬೇಕು, ಕಂಬ ತಂತಿಗಳು ಗಣಿಯನ್ನು ಮುಟ್ಟಬೇಕು. ಇವುಗಳಲ್ಲಿ ಒಂದು ಹಿಂದೆ ಬಿದ್ದರೂ ಉಳಿದವು ಮುಗಿದು ಫಲವಿಲ್ಲ. ಆದರೆ ನೌಕರರ ವಸತಿ ತಿಂಗಳು ತಡವಾದರೆ ವಿದ್ಯುತ್ತೇನೂ ನಿಲ್ಲದು. ಯಾವುದು ತಡವಾದರೆ ಎಲ್ಲವೂ ತಡ, ಯಾವುದು ಕಾಯಬಲ್ಲದು ಎಂಬ ಈ ವಿಂಗಡಣೆಯೇ ಯೋಜನಾ ನಿರ್ವಹಣೆಯ ಜೀವಾಳ.

ಇದನ್ನು ಕಾಗದದ ಮೇಲೆ ಕಣ್ಣಿಗೆ ಕಾಣುವಂತೆ ಮಾಡಿದವರಲ್ಲಿ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಪ್ರಮುಖರು. 1910ರ ದಶಕದಲ್ಲಿ ಅವರು ಬಳಕೆಗೆ ತಂದ ನಕ್ಷೆಯಲ್ಲಿ ಪ್ರತಿ ಕೆಲಸವೂ ಒಂದು ಪಟ್ಟಿ. ಅದರ ಉದ್ದವೇ ಹಿಡಿಯುವ ಕಾಲ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯೂ ಅಮೆರಿಕದ ನೌಕಾಪಡೆಯೂ ಕೆಲಸಗಳ ಕೊಂಡಿಗಳನ್ನು ಲೆಕ್ಕ ಹಾಕುವ ವಿಧಾನಗಳನ್ನು ರೂಪಿಸಿದವು. 1984ರಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಂದಾಗ ಆ ಲೆಕ್ಕ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯಿತು. 2011ರಲ್ಲಿ ಬಂದ ಟ್ರೆಲ್ಲೊ ಗೋಡೆಯ ಮೇಲೆ ಚೀಟಿ ಅಂಟಿಸುವ ಪದ್ಧತಿಯನ್ನೇ ತೆರೆಯ ಮೇಲೆ ತಂದಿತು. ಆಗಬೇಕಾದದ್ದು, ಆಗುತ್ತಿರುವುದು, ಆದದ್ದು ಎಂದು ಮೂರು ಸಾಲು. ಕೆಲಸ ಮುಂದುವರಿದಂತೆ ಚೀಟಿಯೂ ಸಾಲು ಬದಲಿಸುತ್ತದೆ.

ಇವೆಲ್ಲ ಪಟ್ಟಣದ ಕಚೇರಿಗಳ ಮಾತು ಎನ್ನುವಂತಿಲ್ಲ. ಇಂಥದೇ ಒಂದು ಉಪಕರಣ ಉದ್ಯೋಗ ಖಾತರಿ ಯೋಜನೆಯ ಮೂಲಕ ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೂ ಬಂತು. 2021ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಎನ್‌ಎಂಎಂಎಸ್ ಎಂಬ ಮೊಬೈಲ್ ಹಾಜರಿ ಆ್ಯಪ್ ಹೊರತಂದಿತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು, ದೇಶದ ಎಲ್ಲ ಕೆಲಸದ ಸ್ಥಳಗಳಿಗೂ ಅದನ್ನು ಕಡ್ಡಾಯ ಮಾಡಿತು. ಕೂಲಿಕಾರರ ಗುಂಪಿನ ಮೇಲ್ವಿಚಾರಕರು, ಅಂದರೆ ನಮ್ಮ ರಾಜ್ಯದಲ್ಲಿ 'ಕಾಯಕ ಬಂಧು' ಎಂದು ಕರೆಯುವವರು, ದಿನಕ್ಕೆರಡು ಬಾರಿ ಸ್ಥಳದಲ್ಲೇ ಗುಂಪಿನ ಫೋಟೋ ತೆಗೆದು ಕಳುಹಿಸಬೇಕಿತ್ತು. ಫೋಟೋದಲ್ಲೇ ಹೊತ್ತು, ಜಾಗ ಎರಡೂ ದಾಖಲಾಗುತ್ತಿದ್ದವು. ಹಾಜರಿ ಪಟ್ಟಿಯಲ್ಲಿ ಹೆಸರು ಮಾತ್ರ ಇದ್ದು ಕೆಲಸದಲ್ಲಿ ಆಳೇ ಇಲ್ಲದಂಥ ಮೋಸಕ್ಕೆ ತಡೆ ಹಾಕುವುದು ಉದ್ದೇಶ. ಅದನ್ನು ಬೇಡ ಎನ್ನುವವರಾರು?

ಆದರೆ ಬಳಸಿದವರ ಅನುಭವ ಬೇರೆಯಾಗಿತ್ತು. ದೇಶದ ನಾನಾ ಕಡೆಗಳಿಂದ ಬಂದ ದೂರುಗಳ ಸಾರ ಹೆಚ್ಚುಕಡಿಮೆ ಒಂದೇ. ಸಿಗ್ನಲ್ ಇಲ್ಲದ ಕಡೆ ಫೋಟೋ ಹೋಗದೆ, ದುಡಿದ ದಿನದ ಕೂಲಿಗೇ ಸಂಚಕಾರ. ಸ್ಮಾರ್ಟ್‌ಫೋನ್ ಇಲ್ಲದ ಹೆಂಗಸರಿಗೆ ಮೇಲ್ವಿಚಾರಣೆಯ ಅವಕಾಶವೇ ತಪ್ಪುವ ಭಯ. ಇನ್ನೊಂದು ಇನ್ನೂ ವಿಚಿತ್ರವಾದದ್ದು. ಈ ಯೋಜನೆಯಲ್ಲಿ ಬಹುಮಟ್ಟಿಗೆ ಕೂಲಿ ಗೊತ್ತಾಗುತ್ತಿದ್ದುದು ಅಗೆದ ಮಣ್ಣಿನ ಅಳತೆಯ ಮೇಲೆ. ಬಿಸಿಲೇರುವ ಮೊದಲೇ ಅಂದಿನ ಅಳತೆ ಮುಗಿಸಿದವರೂ ಎರಡನೆಯ ಫೋಟೋಗಾಗಿ ಕಾಯಬೇಕು, ಇಲ್ಲವೇ ಮನೆಗೆ ಹೋಗಿ ಮತ್ತೆ ಬರಬೇಕು. ಕೆಲಸ ಮುಗಿದಿದ್ದರೂ ಆ್ಯಪ್‌ನ ಕೆಲಸ ಮುಗಿದಿರುತ್ತಿರಲಿಲ್ಲ.

ಹಾಗಾದರೆ ಮೋಸವಾದರೂ ನಿಂತಿತೇ? 2025ರ ಜುಲೈನಲ್ಲಿ ಅದೇ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ಆ್ಯಪ್ ದುರ್ಬಳಕೆಯ ಬಗೆಗಳನ್ನು ಪಟ್ಟಿ ಮಾಡಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ, ಫೋಟೋದ ಫೋಟೋ, ಪಟ್ಟಿಯಲ್ಲಿರುವ ಸಂಖ್ಯೆಗೂ ಚಿತ್ರದಲ್ಲಿರುವ ಸಂಖ್ಯೆಗೂ ತಾಳೆಯಿಲ್ಲದಿರುವುದು, ಒಬ್ಬರೇ ಹಲವು ಹಾಜರಿ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುವುದು ಇತ್ಯಾದಿ. ಪರಿಹಾರವಾಗಿ ಅದು ಸೂಚಿಸಿದ್ದು ಚಿತ್ರಗಳನ್ನು ಪಂಚಾಯಿತಿಯಿಂದ ಮೇಲಿನವರೆಗೆ ಹಂತಹಂತವಾಗಿ ಮನುಷ್ಯರೇ ಪರಿಶೀಲಿಸಬೇಕೆಂದು. ಯಂತ್ರವನ್ನು ಕಾಯಲು ಮತ್ತೆ ಆಳುಗಳೇ ಬೇಕಾದರು! ಪ್ರಾಮಾಣಿಕರು ಸಿಗ್ನಲ್ ಹುಡುಕುತ್ತ ಬಳಲಿದರು. ಮೋಸಗಾರರು ಹೊಸ ದಾರಿ ಕಂಡುಕೊಂಡರು.

ಕಚೇರಿಗಳ ಸಾಫ್ಟ್‌ವೇರ್ ಬಗೆಗೆ ಕೇಳಿಬರುವ ದೂರೂ ಇದೇ ಜಾತಿಯದು. ತೆರೆಯ ಮೇಲೆ ಎಲ್ಲವೂ ಹಸಿರು, ಕೆಲಸ ಮಾತ್ರ ಅರ್ಧ. ಮೇಲಿನವರು ನೋಡುವುದಕ್ಕಷ್ಟೇ ತುಂಬುವ ಲೆಕ್ಕ ಮೇಲಿನವರಿಗೆ ಹಿತವಾಗುವಂತೆಯೇ ಇರುತ್ತದೆ. ತುಂಬುವವನಿಗೇ ಉಪಯೋಗ ಇದ್ದಲ್ಲಿ ಮಾತ್ರ ಚಿತ್ರ ಬದಲಾಗುತ್ತದೆ. ಜೊತೆಗಾರನ ಪಾಲು ಎಲ್ಲಿಗೆ ಬಂದಿದೆ, ತನ್ನ ಸರದಿ ಯಾವಾಗ ಎಂದು ಅವನಿಗೂ ಕಾಣುವಂತಿದ್ದರೆ ಯಾರೂ ಹೇಳದೆಯೇ ಲೆಕ್ಕ ತಾಜಾ ಇರುತ್ತದೆ.

ಉದ್ಯೋಗ ಖಾತರಿಯ ಹಳೆಯ ಕಾಯಿದೆಯ ಬದಲಿಗೆ ಹೊಸದೊಂದಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಯೋಜನೆಗಳು ಬದಲಾಗುತ್ತವೆ, ಆ್ಯಪ್‌ಗಳೂ ಬದಲಾಗುತ್ತವೆ. ಹೊಸದೊಂದು ಬಂದಾಗಲೆಲ್ಲ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕಾದ ಪ್ರಶ್ನೆಗಳು ಮೂರು. ದುಡಿಯುವವರಿಗೆ ತಮ್ಮ ಲೆಕ್ಕ ಕಾಣುತ್ತದೆಯೇ? ತಪ್ಪಿದ್ದರೆ ಅಂದೇ, ಊರಲ್ಲೇ ತಿದ್ದಿಸಬಹುದೇ? ಸಿಗ್ನಲ್ ಕೈಕೊಟ್ಟ ದಿನದ ಕೂಲಿಗೆ ಹೊಣೆ ಯಾರು? ಇವುಗಳಿಗೆ ಉತ್ತರ ಸಿಕ್ಕರೆ ಆ ಉಪಕರಣ ಮುಯ್ಯಾಳಿನ ಹಾದಿಯಲ್ಲಿದೆ ಎನ್ನಬಹುದು. ಸಿಗದಿದ್ದರೆ ಅದು ಕಾವಲುಗಾರನ ಟಾರ್ಚು ಮಾತ್ರ.