ಬಿಳಿ ತೆನೆ ಕಂಡ ಮೇಲೆ ಔಷಧಿ ಹೊಡೆದು ಏನು ಪ್ರಯೋಜನ?

ಬನ್ನಂಜೆಯಲ್ಲಿ ಈಗ ಗದ್ದೆ ಹುಡುಕಬೇಕು. ಬಸ್ ನಿಲ್ದಾಣ, ಕಚೇರಿ, ಫ್ಲ್ಯಾಟುಗಳ ನಡುವೆ ಉಳಿದ ಒಂದೆರಡು ತುಂಡುಗಳಲ್ಲಿ ನಮ್ಮದೂ ಒಂದು. ಮುಕ್ಕಾಲು ಎಕರೆ, ಏಣಿಲು ಬೆಳೆ ಮಾತ್ರ. ಹೋದ ಸೆಪ್ಟೆಂಬರ್‌ನಲ್ಲಿ ಅದರ ಒಂದು ಮೂಲೆಯಲ್ಲಿ ತೆನೆಗಳು ಬೆಳ್ಳಗಾಗಿ ನೆಟ್ಟಗೆ ನಿಂತವು. ಕಾಳು ತುಂಬಿದ ತೆನೆ ಬಾಗುತ್ತದೆ, ಜೊಳ್ಳು ಬಾಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಫೋಟೊ ತೋರಿಸಿದೆ. ಹುಳಕ್ಕೊಂದು, ರೋಗಕ್ಕೊಂದು ಅಂತ ಎರಡು ಔಷಧಿ ಕೊಟ್ಟರು. "ಎರಡೂ ಸೇರಿಸಿ ಹೊಡೀರಿ, ಯಾವುದಾದ್ರೂ ಒಂದು ಹಿಡೀತದೆ." ಹೊಡೆದೆ. ಯಾವುದೂ ಹಿಡಿಯಲಿಲ್ಲ.

ಹಿಡಿಯುವ ಹಾಗೂ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಬಿಳಿ ತೆನೆಗೆ ನಮ್ಮಲ್ಲಿ ಮುಖ್ಯವಾಗಿ ಎರಡು ಕಾರಣ. ತೆನೆಯನ್ನು ಹಿಡಿದು ಎಳೆದು ನೋಡಿ. ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ಹುಳ ಕಡಿದ ಗುರುತಿದ್ದರೆ ಅದು ಕಾಂಡ ಕೊರಕ. ಕಿತ್ತು ಬಾರದೆ, ತೆನೆಯ ಬುಡದ ಗಂಟು ಕಪ್ಪಾಗಿ ಅಲ್ಲೇ ಮುರಿದರೆ ಅದು ಕುತ್ತಿಗೆ ಬೆಂಕಿ ರೋಗ. ನನ್ನದು ಎರಡನೆಯದು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಕಾಸೂ ಖರ್ಚಿಲ್ಲ. ಆದರೆ ಫೋಟೊದಲ್ಲಿ ಇದು ಕಾಣುವುದಿಲ್ಲ.

ಬೆಂಕಿ ರೋಗ ತರುವುದು ಪೈರಿಕುಲೇರಿಯಾ ಒರೈಝೆ ಎಂಬ ಶಿಲೀಂಧ್ರ. ಇದರ ಬೀಜಕ ಒದ್ದೆ ಗರಿಯ ಮೇಲೆ ಕೂತು ಮೊಳೆಯುತ್ತದೆ, ತುದಿಯಲ್ಲಿ ಗುಮ್ಮಟದ ಆಕಾರದ ಒಂದು ಕೋಶ ಕಟ್ಟುತ್ತದೆ. ಆ ಗುಮ್ಮಟದ ಗೋಡೆಗೆ ಮೆಲನಿನ್ ಎಂಬ ಕಪ್ಪು ಬಣ್ಣದ ಲೇಪ. ಒಳಗೆ ಏರುವ ಒತ್ತಡ ಸುಮಾರು 80 ವಾಯುಭಾರ, ಕಾರಿನ ಟಯರಿಗಿಂತ ಹತ್ತಾರು ಪಟ್ಟು ಹೆಚ್ಚು. ಆ ಬಲದಲ್ಲೇ ಅದು ಗರಿಯನ್ನು ಚುಚ್ಚಿ ಒಳನುಗ್ಗುತ್ತದೆ. ನಾವು ಹೊಡೆಯುವ ಟ್ರೈಸೈಕ್ಲಜೋಲ್ ಶಿಲೀಂಧ್ರವನ್ನು ಕೊಲ್ಲುವ ಔಷಧಿಯೇ ಅಲ್ಲ. ಮೆಲನಿನ್ ತಯಾರಾಗದಂತೆ ತಡೆಯುತ್ತದೆ ಅಷ್ಟೆ. ಲೇಪವಿಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲುವುದಿಲ್ಲ, ಗರಿ ತೂತಾಗುವುದಿಲ್ಲ. ಅಂದರೆ ಇದು ಬಾಗಿಲಿಗೆ ಹಾಕುವ ಚಿಲಕ. ಕಳ್ಳ ಒಳಗೆ ಬಂದ ಮೇಲೆ ಚಿಲಕ ಹಾಕಿ ಏನು ಮಾಡೋದು?

ಹಾಗಾಗಿ ಗರಿಯ ಮೇಲೆ ಕದಿರಿನ ಆಕಾರದ, ನಡುವೆ ಬೂದಿ ಬಣ್ಣದ ಚುಕ್ಕೆಗಳು ಕಂಡಾಗಲೇ ಎಚ್ಚರವಾಗಬೇಕು. ಲೀಟರ್ ನೀರಿಗೆ 0.6 ಗ್ರಾಂ ಲೆಕ್ಕದಲ್ಲಿ ತೆನೆ ಹೊರಬರುವ ಹೊತ್ತಿಗೆ ಹೊಡೆದರೆ ಕುತ್ತಿಗೆ ಉಳಿದೀತು. ತೆನೆ ಬೆಳ್ಳಗಾದ ಮೇಲೆ ಹೊಡೆದದ್ದು ಅಕ್ಕಿಯ ಜೊತೆ ನಮ್ಮ ಬಟ್ಟಲಿಗೆ ಬರಬಹುದು. ಯುರೋಪು 2018ರಿಂದ ಅಕ್ಕಿಯಲ್ಲಿ ಈ ಔಷಧಿಯ ಉಳಿಕೆಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿದಾಗ ಬಾಸ್ಮತಿ ರಫ್ತುದಾರರು ಗಾಬರಿಯಾದರು. ನಮ್ಮ ಕುಚ್ಚಲಕ್ಕಿ ಯುರೋಪಿಗೆ ಹೋಗಲ್ಲ, ನಾವೇ ಉಣ್ಣುತ್ತೇವೆ. ಆ ಕಾರಣಕ್ಕೆ ಯಾರೂ ಗಾಬರಿಯಾದದ್ದು ನಾನು ಕಂಡಿಲ್ಲ.

ಅಂಗಡಿಯ 'ಎರಡೂ ಸೇರಿಸಿ' ಪದ್ಧತಿಯ ತೊಂದರೆ ಬೇರೆ ರೋಗಗಳಲ್ಲೂ ಇದೆ. ಗರಿಯ ಅಂಚು ತುದಿಯಿಂದ ಹಳದಿಯಾಗಿ ಒಣಗುತ್ತಾ ಬಂದರೆ ಅದು ದುಂಡಾಣು ಅಂಗಮಾರಿ ಇರಬಹುದು. ಒಣಗಿದ ಭಾಗ ಮತ್ತು ಹಸಿರು ಭಾಗ ಸೇರುವಲ್ಲಿ ಗರಿ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಡಿ. ತುಸು ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ದುಂಡಾಣುವೇ ಸೈ. ಶಿಲೀಂಧ್ರನಾಶಕ ಅದರ ಕೂದಲೂ ಕೊಂಕಿಸದು. ಮೊದಲು ಯೂರಿಯಾ ನಿಲ್ಲಿಸಿ, ಗದ್ದೆಯ ನೀರು ಬಸಿಯಬೇಕು. ಎಳ್ಳಿನ ಗಾತ್ರದ ಕಂದು ಚುಕ್ಕೆ ಗದ್ದೆಯಿಡೀ ಹರಡಿದ್ದರೆ ಮಣ್ಣು ಹಸಿದಿದೆ, ಅದರಲ್ಲೂ ಪೊಟ್ಯಾಷ್ ಕಡಿಮೆಯಿದೆ ಅಂತ ಅನುಮಾನಿಸಿ. ಮಳೆಗೆ ಪೊಟ್ಯಾಷ್ ತೊಳೆದುಹೋಗುವ ಕರಾವಳಿಗೆ ಇದು ಸಣ್ಣ ಮಾತಲ್ಲ. ಇದೇ ಕಂದು ಚುಕ್ಕೆ ರೋಗ 1942ರಲ್ಲಿ ಬಂಗಾಳದ ಭತ್ತವನ್ನು ತಿಂದಿತು. 1943ರ ಕ್ಷಾಮಕ್ಕೆ ಅದೇ ಮೂಲ ಅಂತ ಸಸ್ಯರೋಗ ತಜ್ಞ ಎಸ್.ವೈ. ಪದ್ಮನಾಭನ್ ಬರೆದರು, ಬೆಳೆ ಕಡಿಮೆಯಾದದ್ದಕ್ಕಿಂತ ಜನರಿಗೆ ಅಕ್ಕಿ ಕೊಳ್ಳುವ ಶಕ್ತಿ ಹೋದದ್ದು ದೊಡ್ಡದು ಅಂತ ಅಮರ್ತ್ಯ ಸೇನ್ ವಾದಿಸಿದರು. ನನಗೆ ಸೇನ್ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ.

ನಮ್ಮ ತಪ್ಪೂ ಇದೆ. ಪೈರು ಕಡುಹಸಿರಾಗಲಿ ಅಂತ ನಾನು ಎರಡು ಸಲ ಯೂರಿಯಾ ಜಾಸ್ತಿಯೇ ಎಸೆದಿದ್ದೆ. ಸಾರಜನಕ ಹೆಚ್ಚಾದ ಮೆತ್ತನೆ ಗರಿ ಬೆಂಕಿ ರೋಗಕ್ಕೆ ಹಬ್ಬದೂಟ. ಗರಿಯನ್ನು ಗಟ್ಟಿ ಮಾಡುವುದು ಸಿಲಿಕಾ, ಅದು ಬೇಕಾದಷ್ಟು ಇರುವುದು ಭತ್ತದ ಉಮಿಯ ಬೂದಿಯಲ್ಲಿ. ಅಜ್ಜಿ ಒಲೆಯ ಬೂದಿಯನ್ನು ಗದ್ದೆಗೆ ಹಾಕಿಸುತ್ತಿದ್ದರು. ಸಿಲಿಕಾ ಅಂತ ಅವರಿಗೆ ಗೊತ್ತಿರಲಿಲ್ಲ, ಸರಿ; ಗೊತ್ತಿದ್ದ ನಾನು ಹಾಕಲಿಲ್ಲ.

ಇನ್ನೊಂದು, ಬೈಲಿಗೆ ಬೈಲೇ ಎಂ.ಒ. 4 ಒಂದೇ ತಳಿ. ಕೇರಳದ ಮಂಕೊಂಬುವಿನಿಂದ ಬಂದ ಒಳ್ಳೆಯ ತಳಿಯೇ, ಆದರೆ ಒಂದು ಗದ್ದೆಯಲ್ಲಿ ಗೆದ್ದ ರೋಗಾಣುವಿಗೆ ಪಕ್ಕದ ಗದ್ದೆಯಲ್ಲೂ ಅದೇ ಬೀಗ, ಅದೇ ಕೀಲಿ.

ಈ ಸಲ ಆಗಸ್ಟ್ ಮುಗಿಯುವ ಮೊದಲೇ ಗರಿ ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ಯುತ್ತೇನೆ. ಬನ್ನಂಜೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಕಾರ್ಕಳದ ಒಳಗಿನ ಹಳ್ಳಿಯ ರೈತ ಒಂದು ಗರಿಗಾಗಿ ದಿನದ ಕೂಲಿ ಬಿಟ್ಟು ಅಲ್ಲಿಗೆ ಬರುತ್ತಾನಾ? ತೆನೆ ಬಿಚ್ಚುವ ಆ ಹದಿನೈದು ದಿನ ಪಂಚಾಯಿತಿಗೊಬ್ಬರು ಗದ್ದೆಗಿಳಿದು ತೆನೆ ಎಳೆದು ನೋಡುವ ಹಾಗಾದರೆ, ಅಂಗಡಿಯವರ ಎರಡನೇ ಔಷಧಿಯ ದುಡ್ಡಾದರೂ ಉಳಿಯುತ್ತದೆ.